ಇಂದಿನ ಧಮ್ಮ ಚಿಂತನೆ: ತಪ್ಪಿನ ಮೇಲೆ ಬಣ್ಣ

 

ಈ ವಾರ ನಮ್ಮ ಬಳಗದಲ್ಲಿ ಓದುತ್ತಿರುವುದು ಮಜ್ಝಿಮ ನಿಕಾಯದ 61ನೇ ಸುತ್ತ, ಅಂದರೆ ಅಂಬಲಟ್ಠಿಕ ರಾಹುಲೋವಾದ ಸುತ್ತ. ಭಗವಾನರು ತಮ್ಮ ಮಗ ರಾಹುಲನಿಗೆ ಮಾಡಿದ ಉಪದೇಶ ಇದು. ಇಂದು ಬರೆಯುವ ಸರದಿ ನನ್ನದು. ತಂದೆ ಮಗನಿಗೆ ಕಲಿಸಿದ ಈ ಪಾಠ ನನಗೆ ಅರ್ಥವಾದದ್ದು ನನ್ನ ಮಗ ನನಗೆ ಕಲಿಸಿದ ಮೇಲೆ. ಆದ್ದರಿಂದ ಮನೆಯ ವಿಷಯವನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗಿದೆ, ಬೆಳಗಿನ ಚಹಾದ ಹೊತ್ತಿಗೆ ಓದಿ.

*ಮೂರೂವರೆ ಸೆಂಟಿಮೀಟರಿನ ರಕ್ಕಸ*

ನನ್ನ ಮಗನಿಗೆ ಕಾಲೇಜಿನ ದಿನಗಳಲ್ಲಿ ಒಂದು ಹವ್ಯಾಸ ಹತ್ತಿತು. ನಾಲ್ಕೈದು ಗೆಳೆಯರು ಭಾನುವಾರ ಸಂಜೆ ನಮ್ಮ ತಾರಸಿಯಲ್ಲಿ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ಕಥೆ ಕಟ್ಟುತ್ತಾ ಆಡುವ ಆಟ. ಒಬ್ಬ ಮಾಂತ್ರಿಕ, ಒಬ್ಬಳು ಬಿಲ್ಲುಗಾರ್ತಿ, ಒಬ್ಬ ರಕ್ಕಸ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಇಂಥ ಆಟಗಳು ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿದವಂತೆ. ಪ್ರತಿ ಪಾತ್ರಕ್ಕೂ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಒಂದು ಗೊಂಬೆ ಇರುತ್ತದೆ. ಪ್ಲಾಸ್ಟಿಕ್ಕಿನದ್ದು, ಬಣ್ಣವಿಲ್ಲದ ಬೂದಿ ಗೊಂಬೆ. ಅದಕ್ಕೆ ಬಣ್ಣ ಹಚ್ಚುವುದು ಆಡುವವರ ಕೆಲಸ.

ಸಣ್ಣ ಮೂರ್ತಿಗಳಿಗೆ ಬಣ್ಣ ಹಚ್ಚುವುದು ನಮ್ಮ ನಾಡಿಗೆ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗಳ ಸಂದುಗಳನ್ನು ಹುಣಸೆ ಬೀಜದ ಅಂಟಿನಿಂದ ಬೆಸೆದು, ಮೈ ನುಣುಪು ಮಾಡಿ, ಬಣ್ಣ ಬರೆಯುತ್ತಾರೆ. ನಮ್ಮ ಮಂಗಳೂರಿನ ಕದ್ರಿಯಲ್ಲಿ ಕಂಚಿನ ಲೋಕೇಶ್ವರ ಕುಳಿತಿದ್ದಾನೆ. ಆಳುಪ ರಾಜ ಕುಂದವರ್ಮನ ಕ್ರಿ.ಶ. 968ರ ಶಾಸನ ಅದರ ಪೀಠದಲ್ಲಿದೆ. ಅವಲೋಕಿತೇಶ್ವರ ಬೋಧಿಸತ್ವನ ಮೂರ್ತಿಯದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಮಗನಿಗೆ ಏಳು ವರ್ಷವಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೂರು ಮುಖ, ಆರು ಕೈ ಎಂದು ಬೆರಳು ಮಡಚಿ ಎಣಿಸಿದ್ದ. ಮನೆಗೆ ಬಂದು ಮೇಣದಲ್ಲಿ ಅಂಥದ್ದೇ ಒಂದು ಮಾಡಲು ಹೋಗಿ ಐದನೇ ಕೈಗೆ ಸೋತಿದ್ದ.

ಅವನು ಮೊದಲು ಬಣ್ಣ ಹಚ್ಚಿದ್ದು ಆ ರಕ್ಕಸನಿಗೆ. ಪೆಟ್ಟಿಗೆಯ ಚಿತ್ರದಲ್ಲಿ ಹಸಿರು ಮುಖದ ವಿದೇಶಿ ರಕ್ಕಸ. ಇವನು ಮಾಡಿದ್ದು ಯಕ್ಷಗಾನದ ಬಣ್ಣದ ವೇಷ! ತೆಂಕುತಿಟ್ಟಿನ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದಲ್ಲಿ ಮುಳ್ಳುಮುಳ್ಳಾಗಿ ಚಿಟ್ಟಿ ಇಡುವುದನ್ನು ನೀವು ನೋಡಿರಬಹುದು. ಅದಕ್ಕೆ ಗಂಟೆಗಟ್ಟಲೆ ಬೇಕು. ಅದೇ ಚಿಟ್ಟಿಯನ್ನು ಇವನು ಅವರೆಕಾಳಿಗಿಂತ ಸಣ್ಣ ಮುಖದಲ್ಲಿ ಸೂಜಿಯ ತುದಿಯಿಂದ ಇಟ್ಟಿದ್ದ. ನಾನು ಆಗ ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

*ನಾನು ಮಾಡಿದ್ದು*

ಮೂರನೇ ಸೆಮಿಸ್ಟರಿನಲ್ಲಿ ಅವನಿಗೆ ಎರಡು ವಿಷಯ ಹೋಯಿತು. ಆ ಭಾನುವಾರ ನಾನು ತಾರಸಿ ಹತ್ತಿ ಹೋಗಿ, ಅವನ ಗೆಳೆಯರ ಎದುರೇ, "ಗೊಂಬೆ ಹಿಡಿದುಕೊಂಡು ಕೂತವನಿಗೆ ಬದುಕು ಹಿಡಿಯಲಿಕ್ಕೆ ಬರುವುದಿಲ್ಲ" ಎಂದೆ. ಇನ್ನೂ ಏನೇನೋ ಹೇಳಿದೆ. ಹುಡುಗರು ಚಪ್ಪಲಿ ಹಾಕಿಕೊಂಡು ಒಬ್ಬೊಬ್ಬರೇ ಇಳಿದು ಹೋದರು. ಮರುದಿನ ಅವನು ಕಾಲೇಜಿಗೆ ಹೋಗಿದ್ದಾಗ ಮೇಜಿನ ಮೇಲಿದ್ದ ಗೊಂಬೆಗಳನ್ನೆಲ್ಲ ಕೈಯಲ್ಲಿ ಬಾಚಿ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿದೆ. ರಕ್ಕಸನ ಕೊಡಲಿ ಹಿಡಿದ ಕೈ ಟಕ್ ಎಂದು ಮುರಿದ ಸದ್ದು ಕೇಳಿತು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಅವನು ಬಂದು ಖಾಲಿ ಮೇಜು ನೋಡಿದ, ಏನೂ ಕೇಳಲಿಲ್ಲ.

ಅವನು ಆ ವಿಷಯಗಳನ್ನು ಪಾಸು ಮಾಡಿದ, ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿತು. ಆದರೆ ಮನೆಗೆ ಫೋನು ಮಾಡಿದರೆ "ಅಮ್ಮನಿಗೆ ಕೊಡಿ" ಎನ್ನುವುದೇ ಹೆಚ್ಚು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಒಮ್ಮೆ ಅವನೇ ಕೇಳಿದ: "ಅಪ್ಪ, ನನ್ನ ಆ ಗೊಂಬೆಗಳು ಉಂಟಾ ಅಲ್ಲಿ?"

"ಉಂಟು. ಹಾಗೇ ಉಂಟು. ಯಾರೂ ಮುಟ್ಟಲಿಲ್ಲ" ಎಂದೆ.

ಚೌತಿ ರಜೆಗೆ ಬರುವಾಗ ತೆಗೆದುಕೊಂಡು ಹೋಗುತ್ತೇನೆ ಎಂದ. ಫೋನು ಇಟ್ಟ ಮೇಲೆ ನನಗೆ ಕೈಕಾಲು ಆಡಲಿಲ್ಲ. ಅವನು ಬರುವ ಮೊದಲು ರಕ್ಕಸನನ್ನು ಗುಟ್ಟಾಗಿ ಸರಿ ಮಾಡಿಬಿಡಬೇಕು ಎಂದು ನಿರ್ಧರಿಸಿದೆ. ಹೆಂಡತಿ "ಎಂತ ಮಾಡ್ತಾ ಇದ್ದೀರಿ ಅಟ್ಟದಲ್ಲಿ?" ಎಂದರೆ "ಹಳೇ ಪಾಸ್‌ಬುಕ್ ಹುಡುಕ್ತಿದ್ದೇನೆ" ಎಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

*ಆಟಿಯ ಮಳೆಯಲ್ಲಿ ಬಣ್ಣ*

ಫೆವಿಕ್ವಿಕ್ ಹಾಕಿ ಕೈ ಅಂಟಿಸಿದೆ. ಸಂದು ಎದ್ದು ಕಂಡಿತು. ಅದನ್ನು ಮುಚ್ಚಲು ಬಣ್ಣ ಬೇಕಾಯಿತು. ಮೊದಲು ಪ್ರೈಮರ್ ಹೊಡೆಯಬೇಕು ಎಂದು ಯಾವುದೋ ವೀಡಿಯೋದಲ್ಲಿ ನೋಡಿ ಒಂದು ಸ್ಪ್ರೇ ಡಬ್ಬಿ ತಂದೆ. ಹೊರಗೆ ಆಟಿಯ ಮಳೆ, ಮನೆಯೊಳಗೆ ಗೋಡೆಯೂ ಬೆವರುವ ಕಾಲ. ತೇವದ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ಬಣ್ಣ ನುಣುಪಾಗಿ ಕೂರುವುದಿಲ್ಲ, ಮರಳು ಚೆಲ್ಲಿದ ಹಾಗೆ ತರಿತರಿಯಾಗುತ್ತದೆ. ನನಗೆ ಅದು ಗೊತ್ತಿರಲಿಲ್ಲ. ತರಿಯನ್ನು ಮುಚ್ಚಲು ಟ್ಯೂಬಿನಿಂದ ನೇರವಾಗಿ ದಪ್ಪ ಕೆಂಪು ಹಚ್ಚಿದೆ. ಅದರಲ್ಲಿ ಬ್ರಶ್ಶಿನ ಗೆರೆ ಮೂಡಿತು. ಗೆರೆ ಮುಚ್ಚಲು ಇನ್ನೊಂದು ಪದರ ಹಚ್ಚಿದೆ. ಆಮೇಲೆ ಕಪ್ಪು ವಾಶ್ ಹಾಕಿದೆ. ವಾಶ್ ಅಂದರೆ ನೀರಿನಂಥ ಬಣ್ಣ, ತಗ್ಗುಗಳಿಗೆ ತಾನಾಗಿ ಹರಿದು ನೆರಳು ಕೊಡುತ್ತದೆ. ಅದು ಅರೆ ಒಣಗಿರುವಾಗ ಒಂದು ಕಡೆ ಹೆಚ್ಚಾಯಿತೆಂದು ಬ್ರಶ್ಶಿನಿಂದ ಕೆದಕಿದೆ. ಚಹಾ ಲೋಟ ಇಟ್ಟ ಮೇಜಿನ ಹಾಗೆ ಕಲೆಯ ಉಂಗುರ ಬಿತ್ತು. ಅದನ್ನೂ ಮುಚ್ಚಿದೆ.

ಮೂರು ರಾತ್ರಿ ಹೀಗೆ ಕಳೆಯಿತು. ನಾಲ್ಕನೇ ದಿನ ಬೆಳಕಿನಲ್ಲಿ ನೋಡಿದರೆ ರಕ್ಕಸನಿಗೆ ಮುಖವೇ ಇರಲಿಲ್ಲ. ಕಣ್ಣು, ಮೂಗು, ಕೋರೆಹಲ್ಲು ಎಲ್ಲ ಬಣ್ಣದಲ್ಲಿ ಹೂತುಹೋಗಿದ್ದವು. ನನ್ನ ಮಗ ಸೂಜಿಯಿಂದ ಇಟ್ಟ ಚಿಟ್ಟಿ ಎಲ್ಲೋ ಕೆಳಗೆ ಉಳಿದುಹೋಗಿತ್ತು. ಮುರಿದದ್ದು ಒಂದು ಕೈ ಮಾತ್ರ. ಹಾಳು ಮಾಡಿದ್ದು ಪೂರ್ತಿ ಗೊಂಬೆಯನ್ನು, ಅದೂ ಸರಿ ಮಾಡುವ ಹೆಸರಿನಲ್ಲಿ.

*ಸುತ್ತದಲ್ಲಿ ಏನಿದೆ?*

ಅದೇ ಬೆಳಿಗ್ಗೆ ನಾನು ರಾಹುಲೋವಾದ ಸುತ್ತ ತೆರೆದೆ. ರಾಜಗೃಹದ ವೇಳುವನದಿಂದ ಭಗವಾನರು ಮಗನಿದ್ದ ಅಂಬಲಟ್ಠಿಕೆಗೆ ಬರುತ್ತಾರೆ. ಕಾಲು ತೊಳೆದು, ಪಾತ್ರೆಯಲ್ಲಿ ಸ್ವಲ್ಪವೇ ನೀರು ಉಳಿಸಿ, ರಾಹುಲನಿಗೆ ತೋರಿಸುತ್ತಾರೆ. ತಿಳಿದೂ ಸುಳ್ಳು ಹೇಳಿ ನಾಚದವನ ಸಾಧನೆ ಇಷ್ಟೇ ಎನ್ನುತ್ತಾರೆ. ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆಯನ್ನು ಕವುಚಿ ಹಾಕುತ್ತಾರೆ. ಖಾಲಿ ಪಾತ್ರೆ ತೋರಿಸುತ್ತಾರೆ. ತಮಾಷೆಗೂ ಸುಳ್ಳಾಡಬಾರದು ಎಂದು ತಿಳಿಸುತ್ತಾರೆ. ಆಮೇಲೆ ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲಿಕ್ಕೆ ಎಂದು ಮಗ ಉತ್ತರಿಸುತ್ತಾನೆ. ಹಾಗೆಯೇ ಕಾಯ, ವಾಚಾ, ಮನಸಾ ಮಾಡುವ ಪ್ರತಿ ಕರ್ಮವನ್ನೂ ಮೂರು ಬಾರಿ ನೋಡಿಕೊಳ್ಳಬೇಕು: ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ. ಇದರಿಂದ ನನಗೋ, ಇತರರಿಗೋ, ಇಬ್ಬರಿಗೋ ನೋವಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಮೊದಲೇ ಕಂಡರೆ ಮಾಡಬಾರದು. ನಡುವೆ ಕಂಡರೆ ನಿಲ್ಲಿಸಬೇಕು. ಮಾತಿನಲ್ಲಿಯೋ ಕೈಯಲ್ಲಿಯೋ ಆಗಿಹೋದದ್ದು ಕಂಡರೆ ಗುರುವಿನ ಬಳಿ ಅಥವಾ ತಿಳಿದ ಸಹಚರರ ಬಳಿ ಅದನ್ನು ಬಿಚ್ಚಿ ಹೇಳಿ, ಮುಂದೆ ಸಂಯಮದಿಂದಿರಬೇಕು.

ಮುಚ್ಚಿಡುವ ಮಾತೇ ಇಲ್ಲಿ ಇಲ್ಲ. ಮಜ್ಝಿಮ ನಿಕಾಯದ 7ನೇ ಸುತ್ತದಲ್ಲಿ, ಅಂದರೆ ವತ್ಥೂಪಮ ಸುತ್ತದಲ್ಲಿ, ಚಿತ್ತವನ್ನು ಕೊಳೆ ಮಾಡುವ 16 ಉಪಕ್ಕಿಲೇಸಗಳ ಪಟ್ಟಿ ಇದೆ. ಅದರಲ್ಲಿ ಕೋಧ ಇದೆ, ಮಾನ ಇದೆ, 'ಮಾಯಾ' ಎಂಬುದೂ ಇದೆ. ಇಲ್ಲಿ ಮಾಯಾ ಎಂದರೆ ಜಗತ್ತು ಮಿಥ್ಯೆ ಎಂಬ ಅರ್ಥವಲ್ಲ, ತನ್ನ ತಪ್ಪನ್ನು ಮರೆಮಾಚುವ ಗುಣ. ಕೋಪದಲ್ಲಿ ಮುರಿದೆ, ಮಾನದಿಂದ ಹೇಳದೆ ಉಳಿದೆ, ಮಾಯೆಯಿಂದ ಬಣ್ಣ ಬಳಿದೆ. ಮೂರೂ ಒಂದೇ ಗೊಂಬೆಯ ಮೇಲೆ ಕೂತಿದ್ದವು.

*"ಡೆಟಾಲ್ ಉಂಟಾ?"*

ಸಂಜೆ ಫೋನು ಮಾಡಿದೆ. "ನಾನು ಸುಳ್ಳು ಹೇಳಿದೆ ಮಗ. ನಿನ್ನ ರಕ್ಕಸನ ಕೈಯನ್ನು ಆವತ್ತೇ ಮುರಿದಿದ್ದೆ. ಈಗ ಸರಿ ಮಾಡಲಿಕ್ಕೆ ಹೋಗಿ ಪೂರ್ತಿ ಹಾಳು ಮಾಡಿದೆ" ಎಂದೆ.

ಆ ಕಡೆ ತುಂಬ ಹೊತ್ತು ಸದ್ದಿಲ್ಲ. ಫೋನು ಕಟ್ಟಾಯಿತೇನೋ ಎಂದು ನೋಡಿದೆ.

ಆಮೇಲೆ ಕೇಳಿದ: "ಮನೆಯಲ್ಲಿ ಡೆಟಾಲ್ ಉಂಟಾ ಅಪ್ಪ?"

ಅವನು ಹೇಳಿದ ವಿಧಾನ ಇದು. ಅಕ್ರಿಲಿಕ್ ಬಣ್ಣ ಹೆಚ್ಚಾದ ಪ್ಲಾಸ್ಟಿಕ್ ಗೊಂಬೆಯನ್ನು ಗಾಜಿನ ಬಾಟಲಿಯಲ್ಲಿ ನೀರು ಬೆರೆಸದ ಡೆಟಾಲಿನಲ್ಲಿ ಮುಳುಗಿಸಿ ಒಂದು ದಿನ ಬಿಡಬೇಕು. ಕೈಗವಸು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಡೆಟಾಲಿನಲ್ಲೇ ತಿಕ್ಕಬೇಕು. ಬಣ್ಣ ಪೂರ್ತಿ ಬಿಡುವವರೆಗೆ ನೀರು ತಾಗಿಸಬಾರದು, ತಾಗಿಸಿದರೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಬೇಕು.

"ಆದರೆ ನೀನು ಇಟ್ಟ ಚಿಟ್ಟಿಯೂ ಹೋಗ್ತದಲ್ಲ?" ಎಂದು ಕೇಳಿದೆ.

"ಹೋಗ್ತದೆ" ಎಂದ. ಅಷ್ಟೇ.

ಮಿತ್ರರೇ, ಆ 'ಹೋಗ್ತದೆ' ಎಂಬ ಮಾತು ನನಗೆ ಇನ್ನೂ ಕೇಳುತ್ತದೆ. ತಪ್ಪನ್ನು ಒಪ್ಪಿದ ಕೂಡಲೇ ಎಲ್ಲವೂ ಮೊದಲಿನಂತೆ ಆಗುವುದಿಲ್ಲ. ವಿನಯದಲ್ಲಿ ಭಿಕ್ಖುಗಳು ತಮ್ಮ ಆಪತ್ತಿಯನ್ನು ಸಹಭಿಕ್ಖುವಿನ ಮುಂದೆ ಹೇಳಿಕೊಳ್ಳುತ್ತಾರೆ. ಕಾಣುತ್ತಿದೆಯೇ ಎಂದು ಅವರು ಕೇಳುತ್ತಾರೆ. ಕಾಣುತ್ತಿದೆ ಎಂದರೆ, ಮುಂದೆ ಸಂಯಮವಿರಲಿ ಎನ್ನುತ್ತಾರೆ. ಆದದ್ದು ಆಗಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಕಾಣುವುದು, ಮುಂದಕ್ಕೆ ಎಚ್ಚರವಾಗುವುದು, ಇಷ್ಟೇ ಅಲ್ಲಿ ಕೇಳುವುದು.

ಮರುದಿನ ತಿಕ್ಕಿದಾಗ ಮೊದಲು ನನ್ನ ಕೆಂಪು ಬಿಟ್ಟಿತು, ಆಮೇಲೆ ಬೂದಿ ತರಿ, ಆಮೇಲೆ ಅವನ ಹಳೆಯ ಬಣ್ಣ. ಅಂಟಿಸಿದ್ದ ಕೈಯೂ ಕಳಚಿ ಬಂತು. ಕೆಳಗೆ ಅಚ್ಚಿನಿಂದ ಬಂದಷ್ಟೇ ಸ್ಪಷ್ಟವಾದ ಮುಖ! ಒಂದೊಂದು ಹಲ್ಲೂ ಕಾಣುತ್ತಿತ್ತು. ಚೌಕಿಯಲ್ಲಿ ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದಾಗ ವೇಷದ ಅಡಿಯಿಂದ ಮನುಷ್ಯನ ಮುಖ ಕಾಣುವ ಹಾಗೆ.

*ಮಗ ಕಲಿಸಿದ ಮೂರು ಹೊತ್ತು*

ಆಮೇಲೆ ಭಾನುವಾರಗಳಂದು ವೀಡಿಯೋ ಕಾಲಿನಲ್ಲಿ ಪಾಠ ಶುರುವಾಯಿತು. ಸುತ್ತದ ಮೂರು ಹೊತ್ತುಗಳೇ ಇಲ್ಲಿಯೂ ಇದ್ದವು.

1️⃣ *ಮಾಡುವ ಮೊದಲು.* ಗೊಂಬೆಯನ್ನು ಸೋಪು ನೀರಿನಲ್ಲಿ ತೊಳೆಯಬೇಕು. ಅಚ್ಚಿನ ಎಣ್ಣೆ, ಬೆರಳಿನ ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ. ವತ್ಥೂಪಮ ಸುತ್ತದ ಉಪಮೆಯೂ ಇದೇ: ಕೊಳಕು ಬಟ್ಟೆಯನ್ನು ಯಾವ ಬಣ್ಣದಲ್ಲಿ ಅದ್ದಿದರೂ ಅದು ಮಂಕಾಗಿಯೇ ಬರುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಬಿಟ್ಟು ಬ್ರಶ್ಶಿನಲ್ಲಿ ಹಚ್ಚುವ ಪ್ರೈಮರ್ ಬಳಸಬೇಕು. ಬಣ್ಣಕ್ಕೆ ನೀರು ಬೆರೆಸಿ ಮೊದಲು ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಬೇಕು. ಮಾತಿಗೂ ಇಂಥ ಒಂದು ಉಗುರು ಇದ್ದಿದ್ದರೆ ಆ ಭಾನುವಾರ ನಾನು ತಾರಸಿ ಹತ್ತುತ್ತಿರಲಿಲ್ಲ.

2️⃣ *ಮಾಡುತ್ತಿರುವಾಗ.* ಪಕ್ಕದಲ್ಲಿ ಶುದ್ಧ ನೀರಿನ ಇನ್ನೊಂದು ಬ್ರಶ್ ಇರಬೇಕು. ಗೆರೆ ತಪ್ಪಿದ ಕ್ಷಣದಲ್ಲೇ ಆ ಒದ್ದೆ ಬ್ರಶ್ಶಿನಿಂದ ಎತ್ತಿದರೆ ಗುರುತೂ ಉಳಿಯುವುದಿಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ಅರ್ಧ ನಿಮಿಷ ತಡವಾದರೂ ಕಷ್ಟ. ಬಾಯಿಂದ ಜಾರಿದ ಮಾತಿಗೂ ಆ ಅರ್ಧ ನಿಮಿಷ ಇರುತ್ತದೆ. "ತಪ್ಪಾಯಿತು, ಹಾಗೆ ಹೇಳಬಾರದಿತ್ತು" ಎಂದು ಆಗಲೇ ಹೇಳಬಹುದು.

3️⃣ *ಮಾಡಿದ ಮೇಲೆ.* ಆ ಕ್ಷಣ ತಪ್ಪಿಹೋದರೆ ಕೈ ತೆಗೆಯಬೇಕು. ಪೂರ್ತಿ ಒಣಗಲು ಬಿಡಬೇಕು. ಆಮೇಲೆ ತೆಳುವಾದ ಪದರದಿಂದ ತಿದ್ದಬೇಕು, ಒಂದು ಸಾಲದಿದ್ದರೆ ಒಣಗಿದ ಮೇಲೆ ಇನ್ನೊಂದು. ತಿದ್ದಿ ತಿದ್ದಿ ರೂಪವೇ ಮುಚ್ಚಿಹೋಗಿದ್ದರೆ ಮತ್ತೆ ತಿದ್ದಬಾರದು, ತೊಳೆದು ಮೊದಲಿಂದ ಶುರು ಮಾಡಬೇಕು.

ಮೂರನೆಯದರಲ್ಲಿ 'ಕೈ ತೆಗೆಯಬೇಕು' ಎಂಬುದೇ ನನಗೆ ಕಷ್ಟವಾಗಿದ್ದು. ಅರೆ ಒಣಗಿದ ವಾಶನ್ನು ಕೆದಕುವ ಚಟಕ್ಕೆ ಧಮ್ಮದಲ್ಲಿ ಒಂದು ಹೆಸರಿದೆ: ಕುಕ್ಕುಚ್ಚ. ಐದು ನೀವರಣಗಳಲ್ಲಿ ನಾಲ್ಕನೆಯದಾದ ಉದ್ಧಚ್ಚ-ಕುಕ್ಕುಚ್ಚದ ಅರ್ಧ ಭಾಗ ಅದು. ಮಾಡಿದ್ದನ್ನು ನೆನೆದು ನೆನೆದು ಕೊರಗುವುದು. ನಾವು ಅದನ್ನು ಪಶ್ಚಾತ್ತಾಪ ಎಂದುಕೊಂಡು ಒಳ್ಳೆಯ ಗುಣಗಳ ಸಾಲಿಗೆ ಸೇರಿಸುತ್ತೇವೆ. ಭಗವಾನರು ಅದನ್ನು ತಡೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಗಾಳಿಗೆ ಅಲೆಯೆದ್ದ ನೀರಿನಲ್ಲಿ ಮುಖ ಕಾಣುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಉಪಮೆ. ತಪ್ಪನ್ನು ನೋಡಿಕೊಳ್ಳಲು ಕನ್ನಡಿ ಬೇಕು. ಕೊರಗು ಆ ಕನ್ನಡಿಯನ್ನೇ ಕದಡುತ್ತದೆ. ನಾನು ವರ್ಷಗಟ್ಟಲೆ ಕೊರಗಿದ್ದೆ, ಆದರೆ ಮಗನಿಗೆ ಏನು ನೋವಾಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೊರಗಿನಲ್ಲಿ ನಾನೇ ತುಂಬಿದ್ದೆ.

*ಚೌತಿಗೆ ಬಂದಾಗ*

ಕೊನೆಗೆ ಕೇಳಿದೆ. ಅವನು ಚೌತಿಗೆ ಬಂದಿದ್ದ. ಇಬ್ಬರೂ ಮೇಜಿನ ಮುಂದೆ ಕುಳಿತಿದ್ದೆವು. ರಕ್ಕಸನ ಭುಜದೊಳಗೆ ಸಣ್ಣ ತಂತಿ ಕೊಟ್ಟು ಕೈ ಜೋಡಿಸುತ್ತಿದ್ದ. ತಲೆ ಎತ್ತದೆ ಹೇಳಿದ: "ಗೊಂಬೆ ಮುರಿದದ್ದು ದೊಡ್ಡದಲ್ಲ ಅಪ್ಪ. ಫ್ರೆಂಡ್ಸ್ ಎದುರು ಹೇಳಿದ್ದು."

ನಾನು ಇಷ್ಟು ದಿನ ತಿದ್ದುತ್ತಿದ್ದದ್ದು ಬೇರೆ ತಪ್ಪನ್ನು.

ಮರುದಿನ ಸಂಜೆ ಅವನ ಹಳೆಯ ಗೆಳೆಯರಿಬ್ಬರು ಮನೆಗೆ ಬಂದರು. ಚಹಾ ಕೊಟ್ಟು, ಅಲ್ಲೇ ನಿಂತು ಹೇಳಿದೆ: "ಆವತ್ತು ನಿಮ್ಮ ಎದುರು ಇವನಿಗೆ ಅವಮಾನ ಮಾಡಿದೆ. ನಾನು ಹೇಳಿದ್ದು ತಪ್ಪು." ಅದಕ್ಕೆ ವಿವರಣೆ ಸೇರಿಸಲಿಲ್ಲ. ವಿವರಣೆ ಸೇರಿಸಿದ್ದರೆ ಅದು ಇನ್ನೊಂದು ದಪ್ಪ ಪದರವಾಗುತ್ತಿತ್ತು. ಹುಡುಗರಿಗೆ ಮುಜುಗರವಾಯಿತು. "ಅಯ್ಯೋ, ಬಿಡಿ ಅಂಕಲ್" ಎಂದರು. ಮಗ ಏನೂ ಹೇಳಲಿಲ್ಲ, ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದ.

ರಕ್ಕಸ ಈಗ ಬೆಂಗಳೂರಿನಲ್ಲಿದ್ದಾನೆ. ಮೈ ಬಣ್ಣ ನನ್ನದು, ಚಿಟ್ಟಿ ಅವನದು. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ ಎಂದು ಅವನೇ ಹೇಳಿದ. ಭುಜದ ಸಂದು ಸೂಕ್ಷ್ಮವಾಗಿ ನೋಡಿದರೆ ಕಾಣುತ್ತದೆ. ಮುಚ್ಚಲೇ ಎಂದು ಕೇಳಿದ್ದಕ್ಕೆ "ಬೇಡ, ದಪ್ಪ ಆಗ್ತದೆ" ಎಂದ. ಫೋನು ಮಾಡಿದರೆ ಈಗಲೂ ಮೊದಲು ಅಮ್ಮನಿಗೇ ಕೊಡಬೇಕು. ಭಾನುವಾರ ಮಾತ್ರ ನನಗೆ ಬರುತ್ತದೆ.

*ಇಂದಿನ ಅಭ್ಯಾಸ* 🪷

ಹತ್ತು ನಿಮಿಷ ಸುಮ್ಮನೆ ಕುಳಿತು ಆನಾಪಾನದ ನಂತರ ಈ ಮೂರು ಪ್ರಶ್ನೆ ಕೇಳಿಕೊಳ್ಳೋಣ:

▪️ ನಾನು ತಿದ್ದುತ್ತಿದ್ದೇನೆ ಎಂದುಕೊಂಡು ಮುಚ್ಚುತ್ತಿರುವ ತಪ್ಪು ಯಾವುದಾದರೂ ಇದೆಯೇ?
▪️ ಯಾರಿಗೆ ನೋವಾಯಿತೋ ಅವರನ್ನು, ಎಲ್ಲಿ ನೋವಾಯಿತು ಎಂದು ಕೇಳಿದ್ದೇನೆಯೇ? ಅಥವಾ ನಾನೇ ಊಹಿಸಿಕೊಂಡಿದ್ದೇನೆಯೇ?
▪️ ಆ ತಪ್ಪು ಯಾರ ಎದುರು ನಡೆಯಿತೋ ಅವರ ಎದುರು ಅದನ್ನು ಒಂದೇ ವಾಕ್ಯದಲ್ಲಿ, ವಿವರಣೆ ಸೇರಿಸದೆ ಹೇಳಬಲ್ಲೆನೇ?

ಇಂದು ಒಂದು ಮಾತು ಆಡುವ ಮೊದಲಾದರೂ ಹೆಬ್ಬೆರಳ ಉಗುರನ್ನು ನೆನಪಿಸಿಕೊಳ್ಳಿ. ನಿಮ್ಮ ಅನುಭವವನ್ನು ಭಾನುವಾರದ ಓದಿನಲ್ಲಿ ಹಂಚಿಕೊಳ್ಳಬಹುದು.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏